ಸಿಪ್ಪೆಯ ನಾರು ಯಾರ ಮಾತು ಕೇಳುತ್ತದೆ

ತ್ಯಾವಣಿಗೆಯ ಸುತ್ತ ಅಡಿಕೆ ಕೊಯ್ಲು ಮುಗಿಯುತ್ತ ಬಂತೆಂದರೆ ರಸ್ತೆ ಬದಿಯಲ್ಲಿ ಸಿಪ್ಪೆಯ ದಿಬ್ಬಗಳೇಳುತ್ತವೆ. ಸುಲಿದ ದಿನ ಹಸಿರು, ನಾಲ್ಕು ದಿನಕ್ಕೆ ಕಂದು, ಒಂದು ಮಳೆ ಬಿದ್ದ ಮೇಲೆ ಕಪ್ಪು. ಪಕ್ಕದಲ್ಲೇ ಎಸೆದ ಬಾಳೆದಿಂಡು ಕೊಳೆತು ಮಣ್ಣಾಗಿರುತ್ತದೆ. ಭತ್ತದ ಹುಲ್ಲನ್ನು ದನ ತಿಂದು ಮುಗಿಸಿರುತ್ತವೆ. ಸಿಪ್ಪೆ ಮಾತ್ರ ಮುಂದಿನ ಕೊಯ್ಲಿನ ಹೊತ್ತಿಗೂ ನಾರುನಾರಾಗಿ ಅಲ್ಲೇ ಬಿದ್ದಿರುತ್ತದೆ. ಬೇಸತ್ತವರು ಬೆಂಕಿ ಇಡುತ್ತಾರೆ. ಅದು ಧಗ್ಗನೆ ಉರಿದು ಹೋಗುವುದೂ ಇಲ್ಲ, ದಿನಗಟ್ಟಲೆ ಹೊಗೆಯಾಡುತ್ತ ಬೈಕಿನಲ್ಲಿ ಹೋಗುವವರ ಕಣ್ಣು ಉರಿಸುತ್ತದೆ.

ಹಸಿ ಅಡಿಕೆಕಾಯಿಯ ತೂಕದಲ್ಲಿ ಶೇ 60ರಿಂದ 80ರಷ್ಟು ಈ ಸಿಪ್ಪೆಯೇ. ತೋಟದಿಂದ ಕಣಕ್ಕೆ ಬರುವ ಟ್ರ್ಯಾಕ್ಟರ್ ಲೋಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೀಗೆ ದಿಬ್ಬ ಸೇರುತ್ತದೆ. ಆ ಸಿಪ್ಪೆಯ ನಾರನ್ನು ಪ್ರಯೋಗಾಲಯದಲ್ಲಿ ಬಿಡಿಸಿ ನೋಡಿದವರು ಅದರಲ್ಲಿ ಶೇ 13ರಿಂದ 25ರವರೆಗೆ ಲಿಗ್ನಿನ್ ಇದೆ ಎಂದು ಲೆಕ್ಕ ಕೊಟ್ಟಿದ್ದಾರೆ. ಲಿಗ್ನಿನ್ ಎಂದರೆ ತೇಗವನ್ನು ತೇಗವಾಗಿಸುವ, ಬಿದಿರನ್ನು ನೆಟ್ಟಗೆ ನಿಲ್ಲಿಸುವ ಪದಾರ್ಥ. ಅದಕ್ಕೆ ಮರದಲ್ಲಿ ಕೆಲಸವಿದೆ, ಸರಿ. ಹಣ್ಣಿನೊಳಗೆ ಏನು ಕೆಲಸ? ಅದನ್ನು ಹಣ್ಣಿನ ಯಾವ ಜಾಗದಲ್ಲಿ ಕಟ್ಟಬೇಕು, ಯಾವ ಜಾಗ ಮೆತ್ತಗಿರಬೇಕು ಎಂದು ಹೇಳುವವರು ಯಾರು?

ನಮ್ಮ ಕಡೆ ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರರಿಗೆ ಈ ಪ್ರಶ್ನೆಯ ಒಂದು ತುದಿ ಚೆನ್ನಾಗಿ ಗೊತ್ತು. ಅವರು ತೋಟದ ಸಾಲಿನಲ್ಲಿ ಕತ್ತೆತ್ತಿ ನಡೆಯುತ್ತ ಗೊನೆಯ ಬಣ್ಣ ನೋಡುತ್ತಾರೆ. ಅನುಮಾನ ಬಂದರೆ ಒಂದು ಕಾಯಿ ಕೀಳಿಸಿ ಸೀಳಿ ಉಗುರು ಊರಿ ನೋಡುತ್ತಾರೆ. ಕಾಯಿ ಹಸಿರಿರುವಾಗಲೇ ಕೊಯ್ದು, ಸುಲಿದು, ಚೊಗರಿನಲ್ಲಿ ಬೇಯಿಸಿ ಒಣಗಿಸಿದರೆ ರಾಶಿ ಅಡಿಕೆ. ತಡವಾಗಿ ಬಲಿತದ್ದು ಗೊರಬಲು ಕಡೆಗೆ ಜಾರುತ್ತದೆ, ದರ ಇಳಿಯುತ್ತದೆ. ಇನ್ನೂ ಬಿಟ್ಟರೆ ಹಣ್ಣಾಗಿ ಗೋಟು. ಹತ್ತು ಹದಿನೈದು ದಿನದ ಹೆಚ್ಚುಕಡಿಮೆಯಲ್ಲಿ ಲೆಕ್ಕವೇ ಬದಲಾಗುತ್ತದೆ. ಕಾಯಿಯ ಗಟ್ಟಿತನ ಗಡಿಯಾರ ಇಟ್ಟುಕೊಂಡು ನಡೆಯುತ್ತದೆ ಎಂಬುದು ಅವರ ಉಗುರಿಗೆ ತಿಳಿದ ಸತ್ಯ. ಆ ಗಡಿಯಾರದ ಒಳಗನ್ನು ಬಿಚ್ಚಿ ನೋಡಿದವರ ಕತೆ ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಹಣ್ಣುಗಳ ಮೇಲೆ ನಡೆದದ್ದು. ಅವುಗಳಲ್ಲಿ ಒಂದು ಹಣ್ಣು ಅಡಿಕೆಗೆ ದಾಯಾದಿ.

ಮೊದಲ ಹೆಜ್ಜೆ ಪ್ಯಾರಿಸ್ಸಿನದು. 1838ರಲ್ಲಿ ಆನ್ಸೆಲ್ಮ್ ಪಾಯೆನ್ ಎಂಬ ರಸಾಯನಶಾಸ್ತ್ರಜ್ಞ ಮರದ ಚೂರುಗಳನ್ನು ನೈಟ್ರಿಕ್ ಆಮ್ಲದಲ್ಲಿ ಕಾಯಿಸಿ, ಆಮೇಲೆ ಕ್ಷಾರದಲ್ಲಿ ತೊಳೆದ. ಬಿಳಿ ನಾರು ಉಳಿಯಿತು. ಅದಕ್ಕೆ ಸೆಲ್ಯುಲೋಸ್ ಎಂದು ಹೆಸರಿಟ್ಟ. ಜಗತ್ತು ಉಳಿದದ್ದನ್ನು ನೆನಪಿಟ್ಟುಕೊಂಡಿತು. ಆದರೆ ನಮ್ಮ ಕತೆಗೆ ಬೇಕಾದದ್ದು ಕರಗಿ ಹೋದದ್ದು. ನಾರಿಗೆ ಮೆತ್ತಿಕೊಂಡು ಅದನ್ನು ಗಟ್ಟಿ ಮಾಡುತ್ತಿದ್ದ, ಇಂಗಾಲ ಹೆಚ್ಚಿದ್ದ ಒಂದು ಪದಾರ್ಥ ತೊಳೆದುಹೋಗಿತ್ತು. ಪಾಯೆನ್ ಅದನ್ನೂ ಗಮನಿಸಿ ಬರೆದಿಟ್ಟ. ಮರಕ್ಕೆ ಲ್ಯಾಟಿನ್ನಿನಲ್ಲಿ ಲಿಗ್ನಮ್ ಎನ್ನುವುದರಿಂದ ಲಿಗ್ನಿನ್ ಎಂಬ ಹೆಸರು ಅದಕ್ಕೆ ನಿಂತಿತು.

ಅದು ಎಲ್ಲಿದೆ ಎಂದು ಕಣ್ಣಿಗೆ ಕಾಣುವಂತೆ ಮಾಡಿದ್ದು 1878ರಲ್ಲಿ, ಆಸ್ಟ್ರಿಯಾದ ಯೂಲಿಯುಸ್ ವೀಸ್ನರ್. ಫ್ಲೋರೋಗ್ಲುಸಿನಾಲ್ ಎಂಬ ರಾಸಾಯನಿಕವನ್ನು ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ಹಾಕಿದರೆ ಲಿಗ್ನಿನ್ ಇದ್ದ ಕಡೆಯೆಲ್ಲ ಕೆಂಪೇರುತ್ತದೆ. ಡಿಗ್ರಿಯಲ್ಲಿ ಸಸ್ಯಶಾಸ್ತ್ರ ಓದಿದವರು ಸಫ್ರಾನಿನ್ ಹಾಕಿ ಕಾಂಡದ ತೆಳು ಸೀಳು ನೋಡಿದ್ದನ್ನು ನೆನೆಸಿಕೊಳ್ಳಬಹುದು. ಆ ಕೆಂಪು ಉಂಗುರಗಳೂ ಇದೇ ಪದಾರ್ಥದವು. ಸೀಬೆಹಣ್ಣಿನ ತೆಳು ಸೀಳಿಗೆ ವೀಸ್ನರನ ದ್ರಾವಣ ಹಾಕಿದರೆ ಬಿಳಿ ತಿರುಳಿನ ನಡುವೆ ಕೆಂಪು ಚುಕ್ಕೆಗಳ ಗುಂಪುಗಳು ಮೂಡುತ್ತವೆ. ಹಲ್ಲಿಗೆ ಮರಳಿನಂತೆ ಸಿಗುವ ಕಣಗಳು ಅವೇ. ಬೀಜ ಬಿಟ್ಟು ತಿಂದರೂ ಸೀಬೆ ಕರಕರ ಅನ್ನುವುದಕ್ಕೆ ಕಾರಣ ಈ ಕಲ್ಲುಕೋಶಗಳು. ಒಳಗೋಡೆಗೆ ಪದರದ ಮೇಲೆ ಪದರ ಲಿಗ್ನಿನ್ ಹೊಡೆದುಕೊಂಡು, ಕೊನೆಗೆ ತಾವೇ ಉಸಿರು ನಿಲ್ಲಿಸಿದ ಕೋಶಗಳವು.

ಇಷ್ಟರಿಂದ ಏನಿದೆ, ಎಲ್ಲಿದೆ ಎಂಬುದು ತಿಳಿಯಿತು. ಹೇಗೆ ಕಟ್ಟುತ್ತದೆ ಎಂಬುದರ ಬಾಗಿಲು ತೆರೆದದ್ದು 1961ರಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೇನ್ ಕೌಕಲ್ ಮತ್ತು ಎರಿಕ್ ಕಾನ್ ಬಾರ್ಲಿ ಸಸಿಗಳಿಂದ ಒಂದು ಕಿಣ್ವವನ್ನು ಬೇರ್ಪಡಿಸಿದರು. ಪ್ರೋಟೀನು ಕಟ್ಟಲು ಬಳಕೆಯಾಗುವ ಫೀನೈಲ್‌ಅಲನೀನ್ ಎಂಬ ಅಮೈನೋ ಆಮ್ಲದಿಂದ ಅಮೋನಿಯಾವನ್ನು ಕಳಚಿ, ಅದನ್ನು ಲಿಗ್ನಿನ್ನಿನ ದಾರಿಗೆ ಹಚ್ಚುವ ಕಿಣ್ವ. ಇಂದು ಅದನ್ನು ಪಾಲ್ ಎಂದು ಕರೆಯುತ್ತಾರೆ. ಅಲ್ಲಿಂದ ಮುಂದೆ ಒಂದೊಂದೇ ಕಿಣ್ವ ಸಿಗುತ್ತ ಹೋಯಿತು. ನಮ್ಮ ಅಡಿಕೆ ಕಣದಂತೆಯೇ ಕೆಲಸ: ಒಬ್ಬರು ಕೀಳುವುದು, ಒಬ್ಬರು ಸುಲಿಯುವುದು, ಒಬ್ಬರು ಬೇಯಿಸುವುದು, ಒಬ್ಬರು ಹರವುವುದು. ಕಿಣ್ವಗಳ ಈ ಸಾಲಿನ ಕೊನೆಗೆ ಮೂರು ಬಗೆಯ ಮದ್ಯಸಾರದ ಕಣಗಳು ತಯಾರಾಗಿ ಕೋಶದ ಗೋಡೆಗೆ ಬರುತ್ತವೆ. ಅಲ್ಲಿ ಲ್ಯಾಕೇಸ್ ಮತ್ತು ಪೆರಾಕ್ಸಿಡೇಸ್ ಎಂಬ ಎರಡು ಗುಂಪಿನ ಕಿಣ್ವಗಳು ಅವನ್ನು ಒಂದಕ್ಕೊಂದು ಬೆಸೆಯುತ್ತವೆ. ಲ್ಯಾಕೇಸನ್ನು ಜಪಾನಿನ ಯೋಶಿದಾ 1883ರಲ್ಲೇ ಅರಗಿನ ಮರದ ಹಾಲಿನಲ್ಲಿ ಕಂಡಿದ್ದರು. ಮರದ ಸಾಮಾನಿಗೆ ಹಚ್ಚಿದ ಆ ಹಾಲು ಗಾಳಿಗೆ ಗಟ್ಟಿಯಾಗುವುದು ಯಾಕೆ ಎಂಬುದು ಅವರ ಪ್ರಶ್ನೆಯಾಗಿತ್ತು.

ಇಲ್ಲಿ 'ಕುಟುಂಬ' ಎಂಬ ಮಾತು ಬರುತ್ತದೆ. ಪ್ರತಿ ಕಿಣ್ವಕ್ಕೂ ಒಂದೇ ವಂಶವಾಹಿ, ಅಂದರೆ ಜೀನ್, ಇದ್ದಿದ್ದರೆ ಕತೆ ಬೇಗ ಮುಗಿಯುತ್ತಿತ್ತು. ಹಾಗಿಲ್ಲ. ಹಳೆಯ ಕಾಲದ ಒಂದು ಜೀನ್ ನಕಲಾಗಿ ಎರಡಾಗಿ, ಎರಡು ನಾಲ್ಕಾಗಿ, ಒಂದು ಮನೆತನವೇ ಬೆಳೆದಿರುತ್ತದೆ. ಕಸುಬು ಒಂದೇ, ಆದರೆ ಅಣ್ಣ ಬೇರಿನಲ್ಲಿ ದುಡಿಯುತ್ತಾನೆ, ತಮ್ಮ ಕಾಂಡದಲ್ಲಿ, ಇನ್ನೊಬ್ಬ ಕಾಯಿ ಎಳೆಯದಿರುವಾಗ ಕೆಲವೇ ದಿನ ಎದ್ದು ಕೆಲಸ ಮಾಡಿ ಮಲಗಿಬಿಡುತ್ತಾನೆ. ಹಣ್ಣಿನ ಹದ ತಿಳಿಯಬೇಕಾದರೆ ಆ ಕೆಲವು ದಿನಗಳವನನ್ನೇ ಹಿಡಿಯಬೇಕು.

ಅವನನ್ನು ಹಿಡಿದದ್ದು ಮರಸೇಬಿನಲ್ಲಿ. ಚೀನಾದ ಆನ್ಹುಯಿ ಪ್ರಾಂತದ ದಾಂಗ್‌ಶಾನ್ ಸೂಲಿ ಬಹಳ ಹೆಸರಾದ ಮರಸೇಬು. ಅದರ ದೂರೂ ಕಲ್ಲುಕೋಶವೇ. ನಾಂಜಿಂಗ್ ಕೃಷಿ ವಿಶ್ವವಿದ್ಯಾಲಯದ ವು ಜುನ್, ಝಾಂಗ್ ಶಾವೊಲಿಂಗ್ ಮತ್ತು ಅವರ ದೊಡ್ಡ ತಂಡ ಆ ಮರದ ಇಡೀ ಜೀನೋಮನ್ನು ಓದಿ 2013ರಲ್ಲಿ ಪ್ರಕಟಿಸಿತು. 42,812 ಜೀನ್‌ಗಳು ಲೆಕ್ಕಕ್ಕೆ ಸಿಕ್ಕವು. ಬರೀ ಪಟ್ಟಿಯಿಂದ ಏನೂ ಆಗುತ್ತಿರಲಿಲ್ಲ. ಅವರು ಕಾಯಿ ಚಿಕ್ಕದಿರುವಾಗಿನಿಂದ ಹಣ್ಣಾಗುವವರೆಗೆ ಬೇರೆ ಬೇರೆ ಹಂತಗಳಲ್ಲಿ ತಿರುಳನ್ನು ತೆಗೆದು, ಯಾವ ಜೀನ್ ಯಾವಾಗ ಎದ್ದಿದೆ ಎಂದು ಪಕ್ಕದಲ್ಲಿಟ್ಟು ನೋಡಿದರು. ಲಿಗ್ನಿನ್ ಸಾಲಿನ ನಡುವಿನ ಮೂರು ಕುಟುಂಬಗಳು ಎದ್ದು ಕಂಡವು: ಎಚ್‌ಸಿಟಿ, ಸಿ3ಎಚ್, ಸಿಸಿಒಎಎಂಟಿ. ಕಾಯಿ ಇನ್ನೂ ಎಳೆಯದಿರುವಾಗಲೇ ಇವು ಜೋರಾಗಿ ದುಡಿಯುತ್ತವೆ, ಕಲ್ಲುಕೋಶ ಕಟ್ಟುವುದೂ ಆಗಲೇ. ಹಣ್ಣು ತಿನ್ನುವವನ ಹಲ್ಲಿಗೆ ತಿಂಗಳುಗಳ ನಂತರ ಸಿಗುವ ಕರಕರ, ಹೂ ಉದುರಿದ ಕೆಲವೇ ವಾರಗಳಲ್ಲಿ ತೀರ್ಮಾನವಾಗಿರುತ್ತದೆ. ಈ ಇಡೀ ಕತೆಯಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಈ ಸಂಗತಿ. ತೋಟಕ್ಕೆ ಕಾಲಿಟ್ಟು ಕಾಯಿ ಬಲಿತಿದೆಯೇ ಎಂದು ನೋಡುವ ಹೊತ್ತಿಗೆ ಬಲಿಯುವ ಕೆಲಸದ ಬಹುಪಾಲು ಮುಗಿದಿರುತ್ತದೆ.

ಕೆಲಸದವರು ಸಿಕ್ಕ ಮೇಲೆ ಮೇಸ್ತ್ರಿಯನ್ನು ಹುಡುಕಬೇಕಲ್ಲ. ಇಷ್ಟು ಕುಟುಂಬಗಳನ್ನು ಒಂದೇ ಹೊತ್ತಿಗೆ ಎಬ್ಬಿಸುವ ಜೀನ್‌ಗಳು ಬೇರೆಯೇ ಇವೆ. ಅವುಗಳಲ್ಲಿ ಎರಡು ದೊಡ್ಡ ಮನೆತನಗಳ ಹೆಸರು ನ್ಯಾಕ್ ಮತ್ತು ಮಿಬ್. ಮಿಬ್ ಎಂಬ ಹೆಸರು ಬಂದದ್ದು ಕೋಳಿಗಳಿಗೆ ರಕ್ತದ ಕ್ಯಾನ್ಸರ್ ತರುವ ಒಂದು ವೈರಸ್ಸಿನಿಂದ. ಗಿಡಗಳಲ್ಲಿ ಆ ಮನೆತನದವನು ಮೊದಲು ಸಿಕ್ಕದ್ದು 1987ರಲ್ಲಿ, ಮೆಕ್ಕೆಜೋಳದ ಕಾಳಿಗೆ ಬಣ್ಣ ಕೊಡುವ ಜೀನಿನಲ್ಲಿ. ಕೋಳಿಯ ಕಾಯಿಲೆಯಿಂದ ಹೊರಟ ದಾರಿ ಜೋಳದ ಬಣ್ಣ ಹಾದು ಮರಸೇಬಿನ ಕಲ್ಲಿಗೆ ಬಂದು ನಿಂತಿತು. 2019ರಲ್ಲಿ ನಾಂಜಿಂಗ್ ತಂಡವೇ ಮಿಬ್169 ಎಂಬ ಮೇಸ್ತ್ರಿಯನ್ನು ತೋರಿಸಿತು. ಅವನು ಹೇಳಿದರೆ ಲಿಗ್ನಿನ್ ಸಾಲಿನ ಹಲವರು ಏಳುತ್ತಾರೆ.

ಮೇಸ್ತ್ರಿಗಳು ಒಬ್ಬರಿಗೊಬ್ಬರು ಎದುರು ನಿಲ್ಲುವುದೂ ಉಂಟು. ಲೋಕ್ವಾಟ್ ಎಂಬ ಹಳದಿ ಹಣ್ಣನ್ನು ಕೊಯ್ದು 0 ಡಿಗ್ರಿ ತಣ್ಣನೆಯಲ್ಲಿಟ್ಟರೆ ಕೆಲವು ತಳಿಗಳ ತಿರುಳು ಮೆತ್ತಗಾಗುವ ಬದಲು ಮರವಾಗುತ್ತದೆ. ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದ ಚೆನ್ ಕುನ್‌ಸಾಂಗ್ ಅವರ ತಂಡ 2014ರಲ್ಲಿ ಅದರಲ್ಲಿ ಎರಡು ಮಿಬ್‌ಗಳನ್ನು ಕಂಡಿತು. ಒಂದು ಲಿಗ್ನಿನ್ ಕಟ್ಟು ಎನ್ನುತ್ತದೆ, ಇನ್ನೊಂದು ಬೇಡ ಎನ್ನುತ್ತದೆ, ಎರಡೂ ಅದೇ ಜೀನಿನ ಬಾಗಿಲಲ್ಲಿ ಪೈಪೋಟಿ ಮಾಡುತ್ತವೆ. ಹಣ್ಣನ್ನು ಮೊದಲು 5 ಡಿಗ್ರಿಯಲ್ಲಿ ಕೆಲವು ದಿನ ಇಟ್ಟು ಆಮೇಲೆ 0ಗೆ ಇಳಿಸಿದರೆ ತಿರುಳು ಅಷ್ಟು ಗಟ್ಟಿಯಾಗುವುದಿಲ್ಲ. ಜೀನನ್ನು ಮುಟ್ಟದೆಯೇ ಶೀತಲಗೃಹದ ಗುಂಡಿ ತಿರುಗಿಸಿ ಗೆಲ್ಲಬಹುದಾದ ಜಗಳ ಅದು.

ಇನ್ನು ಅಡಿಕೆಯ ದಾಯಾದಿ. ಕರ್ನಾಟಕದ ನೀರಾವರಿ ಅಚ್ಚುಕಟ್ಟುಗಳಲ್ಲಿ ಈಗ ಬೆಳೆಸುತ್ತಿರುವ ತಾಳೆ ಬೆಳೆ, ಅಂದರೆ ಎಣ್ಣೆತಾಳೆ, ಅಡಿಕೆ ತೆಂಗುಗಳ ಕುಲದ್ದೇ. ಅದರ ಕಾಯಿಯಲ್ಲಿ ಎಣ್ಣೆಯ ತಿರುಳಿನ ಒಳಗೆ ಕರಟವಿರುತ್ತದೆ. ಆ ಕರಟ ಲಿಗ್ನಿನ್ ತುಂಬಿದ ಗೋಡೆ. ಕೆಲವು ಮರಗಳ ಕರಟ ದಪ್ಪ, ಅವಕ್ಕೆ ಡ್ಯೂರಾ ಎನ್ನುತ್ತಾರೆ. 1848ರಲ್ಲಿ ಜಾವಾದ ಬೊಗೋರ್ ಸಸ್ಯೋದ್ಯಾನದಲ್ಲಿ ನೆಟ್ಟ 4 ಸಸಿಗಳಿಂದ ಆಗ್ನೇಯ ಏಷ್ಯಾದ ಡ್ಯೂರಾ ಸಂತಾನ ಹಬ್ಬಿತು. ಇನ್ನು ಕೆಲವು ಮರಗಳಲ್ಲಿ ಕರಟವೇ ಇಲ್ಲ, ಅವು ಪಿಸಿಫೆರಾ. ಆದರೆ ಅವುಗಳ ಹೆಣ್ಣುಹೂ ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ. ನಡುವೆ ತೆಳು ಕರಟದ ಟೆನೆರಾ ಇದೆ, ಎಣ್ಣೆ ಹೆಚ್ಚು ಕೊಡುವುದು ಅದೇ.

ತೋಟದವರು ಟೆನೆರಾದ ಬೀಜವನ್ನೇ ಬಿತ್ತಿ ನೋಡಿದರೆ ಎಲ್ಲ ಮರವೂ ಟೆನೆರಾ ಆಗುತ್ತಿರಲಿಲ್ಲ. ಬೆಲ್ಜಿಯನ್ ಕಾಂಗೋದಲ್ಲಿ ಬೈರ್ನಾರ್ಟ್ ಮತ್ತು ವಾಂಡರ್‌ವೆಯೆನ್ 1941ರಲ್ಲಿ ಈ ಒಗಟು ಬಿಡಿಸಿದರು. ಟೆನೆರಾ ಸ್ವತಂತ್ರ ತಳಿಯೇ ಅಲ್ಲ, ಡ್ಯೂರಾ ಮತ್ತು ಪಿಸಿಫೆರಾದ ಮಗು. ಟೆನೆರಾ ಟೆನೆರಾ ಕೂಡಿದರೆ ನಾಲ್ಕರಲ್ಲಿ ಒಂದು ಡ್ಯೂರಾ, ಎರಡು ಟೆನೆರಾ, ಒಂದು ಪಿಸಿಫೆರಾ. ಹೈಸ್ಕೂಲಿನಲ್ಲಿ ಓದಿದ ಮೆಂಡೆಲನ ಬಟಾಣಿಯ ಲೆಕ್ಕ. ಅಂದರೆ ಇಷ್ಟು ದೊಡ್ಡ ಕರಟದ ವಿಚಾರ ಒಂದೇ ಜೀನಿನ ಕೈಯಲ್ಲಿತ್ತು. ಯಾವ ಜೀನ್ ಎಂದು ತಿಳಿಯಲು ಇನ್ನೂ 72 ವರ್ಷ ಹಿಡಿಯಿತು.

ಮಲೇಷ್ಯಾದ ತಾಳೆಎಣ್ಣೆ ಮಂಡಳಿಯ ರಾಜಿಂದರ್ ಸಿಂಗ್ ಮತ್ತು ಸಂಗಡಿಗರು, ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದ ರಾಬ್ ಮಾರ್ಟೀನ್ಸನ್ ಜೊತೆ ಸೇರಿ ಇದರ ಬೆನ್ನು ಹತ್ತಿದರು. ನೈಜೀರಿಯಾ ಮೂಲದ ಒಂದು ಟೆನೆರಾ ಮರವನ್ನು ಅದರದೇ ಪರಾಗದಿಂದ ಕಾಯಿ ಕಟ್ಟಿಸಿ, ಹುಟ್ಟಿದ ಇನ್ನೂರಕ್ಕೂ ಹೆಚ್ಚು ಮಕ್ಕಳನ್ನು ಮರವಾಗಿ ಬೆಳೆಸಿದರು. ಕಾಯಿ ಬಂದ ಮೇಲೆ ಒಂದೊಂದನ್ನೂ ಸೀಳಿ ಕರಟ ನೋಡಿ ಬರೆದಿಟ್ಟರು. ಆಮೇಲೆ ಪಿಸಿಫೆರಾಗಳ ಡಿಎನ್‌ಎ ಓದಿ, ಅವೆಲ್ಲವುಗಳಲ್ಲಿ ಎರಡೂ ಪ್ರತಿ ಒಂದೇ ಆಗಿರುವ ಜಾಗ ಯಾವುದು ಎಂದು ಹುಡುಕಿದರು. ಸುಮಾರು 180 ಕೋಟಿ ಅಕ್ಷರಗಳ ಜೀನೋಮಿನಲ್ಲಿ ಆ ಜಾಗ ಕಿರಿದಾಗುತ್ತ ಕಿರಿದಾಗುತ್ತ ಒಂದು ಜೀನಿಗೆ ಬಂದು ನಿಂತಿತು. 2013ರ ಜುಲೈನಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದು ಶೆಲ್ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಬೇರೆ ಬೇರೆ ಮೂಲದ ಪಿಸಿಫೆರಾಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿದ ಎರಡು ತಪ್ಪುಗಳು ಸಿಕ್ಕವು, ಎರಡೂ ಒಂದೊಂದೇ ಅಕ್ಷರದವು. ಮರಸೇಬಿನ ಜೀನೋಮ್ ಬಂದ ವರ್ಷವೇ ಇದೂ.

ಈ ಶೆಲ್ ಜೀನ್ ಲಿಗ್ನಿನ್ ಸಾಲಿನ ಕೆಲಸಗಾರನಲ್ಲ, ಮೇಸ್ತ್ರಿಯ ಜಾತಿ. ಅದರ ಹತ್ತಿರದ ನೆಂಟರು ಸಾಸಿವೆ ಕುಲದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಮೊದಲೇ ಪರಿಚಿತರು. ಕ್ಯಾಲಿಫೋರ್ನಿಯಾದ ಸಾರಾ ಲಿಲ್ಜೆಗ್ರೆನ್, ಮಾರ್ಟಿನ್ ಯಾನೋಫ್‌ಸ್ಕಿ ಮತ್ತು ಸಂಗಡಿಗರು 2000ದಲ್ಲಿ ಅಂಥ ಎರಡು ಜೀನ್‌ಗಳನ್ನು ಒಟ್ಟಿಗೆ ಕೆಡಿಸಿದಾಗ ಕಾಯಿ ಒಣಗಿದರೂ ಸಿಡಿಯಲಿಲ್ಲ. ಕಾಯಿಯ ಅಂಚಿನಲ್ಲಿ ಲಿಗ್ನಿನ್ ಕಟ್ಟಬೇಕಾದ ತೆಳು ಸಾಲು ಕಟ್ಟಿರಲಿಲ್ಲ. ಎಳ್ಳು ಬೆಳೆಯುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಕಾಯಿ ಬಾಯಿ ಬಿಡುವ ಮೊದಲು ಕೊಯ್ದು ಸಿವುಡು ಕಟ್ಟಿ ನಿಲ್ಲಿಸುವ ಧಾವಂತ ಅವರಿಗೆ ಗೊತ್ತು. ಸಾಸಿವೆಯ ಕುಲದಲ್ಲಿ ಕಾಯಿ ಸೀಳಿಸುವ ಮನೆತನದವನೇ ತಾಳೆಯಲ್ಲಿ ಕರಟ ಕಟ್ಟಿಸುತ್ತಿದ್ದ. ಎಣ್ಣೆತಾಳೆ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಈಗ ನರ್ಸರಿಯಲ್ಲೇ ಎಲೆಯ ಚೂರು ತೆಗೆದು ಅದು ಯಾವ ಬಗೆ ಎಂದು ಹೇಳಬಹುದು.

ಇಷ್ಟು ಓದಿದ ಮೇಲೆ ನಾನು ಆತುರದಿಂದ ಅಡಿಕೆಗೂ ಇದನ್ನೇ ಹೊಂದಿಸಲು ಹೊರಟಿದ್ದೆ. ಹಾಗೆ ಹೊಂದುವುದಿಲ್ಲ. ಎಣ್ಣೆತಾಳೆಯ ಗಟ್ಟಿ ಭಾಗ ಕರಟ. ಅಡಿಕೆಯಲ್ಲಿ ಆ ಪದರ ತೀರ ತೆಳು. ಅಡಿಕೆಯ ಲಿಗ್ನಿನ್ ಅದರ ಹೊರಗಿನ ಸಿಪ್ಪೆಯ ನಾರಿನಲ್ಲಿದೆ. ಅಡಕತ್ತರಿಗೆ ಸಿಗುವ ಒಳಗಿನ ಬೀಜ ಗಟ್ಟಿಯಾಗುವುದಂತೂ ಬೇರೆಯದೇ ಕಾರಣಕ್ಕೆ. ತಾಳೆ ಕುಲದ ಬೀಜಗಳು ಮೊಳಕೆಯ ಆಹಾರವನ್ನು ಮ್ಯಾನನ್ ಎಂಬ ಸಕ್ಕರೆಯ ಸರಪಣಿಯಾಗಿ ಕೋಶದ ಗೋಡೆಯಲ್ಲೇ ಪೇರಿಸಿಡುತ್ತವೆ. ದಕ್ಷಿಣ ಅಮೆರಿಕದ ಒಂದು ತಾಳೆಯ ಬೀಜ ಇದರಿಂದಲೇ ದಂತದಷ್ಟು ಗಟ್ಟಿಯಾಗಿ, ಅದರಲ್ಲಿ ಅಂಗಿಯ ಗುಂಡಿ ಮಾಡುತ್ತಿದ್ದರು. ಖೇಣಿದಾರರ ಉಗುರು ಒಂದೇ ಕಾಯಿಯಲ್ಲಿ ಎರಡು ಗಡಿಯಾರಗಳನ್ನು ಮುಟ್ಟುತ್ತದೆ: ಹೊರಗೆ ಲಿಗ್ನಿನ್ನಿನದು, ಒಳಗೆ ಮ್ಯಾನನ್ನಿನದು. ಈ ವ್ಯತ್ಯಾಸ ತಿಳಿಯದೆ ಅಡಿಕೆಯ ಹದದ ಬಗ್ಗೆ ಮಾತಾಡಿದರೆ ಮಾತು ದಾರಿ ತಪ್ಪುತ್ತದೆ.

ಸಿಪ್ಪೆಯ ನಾರನ್ನು ಬಾಯಲ್ಲೇ ಎದುರಿಸುವ ಜನ ಚೀನಾದ ಹುನಾನ್ ಪ್ರಾಂತದವರು. ನಾವು ಸಿಪ್ಪೆ ಎಸೆದು ಬೀಜ ಅಗಿದರೆ ಅವರು ಎಳೆಯ ಕಾಯಿಯ ಸಿಪ್ಪೆಯನ್ನೇ ಸಂಸ್ಕರಿಸಿ ಅಗಿಯುತ್ತಾರೆ. ಅಲ್ಲಿ ಒರಟು ನಾರು ಕೆನ್ನೆಯ ಒಳಗನ್ನು ಉಜ್ಜುತ್ತದೆ. ಅಡಿಕೆ ಅಗಿಯುವುದು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರ ವರದಿಯಲ್ಲಿ ಹೇಳಿದೆ; ಅಡಿಕೆಯಿಂದಲೇ ಬದುಕುವ ಸೀಮೆಯಲ್ಲಿ ಕೂತು ಇದನ್ನು ಬರೆಯುವಾಗ ಮನಸ್ಸು ಭಾರವಾಗುತ್ತದೆ, ಬರೆಯದೆ ಬಿಡುವಂತೆಯೂ ಇಲ್ಲ. ಆ ದೇಶಕ್ಕೆ ಅಡಿಕೆ ಬೆಳೆದುಕೊಡುವ ಹೈನಾನ್ ದ್ವೀಪದ ಸಂಶೋಧಕರು 2021ರಲ್ಲಿ ಅಡಿಕೆಯ ಇಡೀ ಜೀನೋಮ್ ಓದಿ ಮುಗಿಸಿದರು. ಸುಮಾರು 250 ಕೋಟಿ ಅಕ್ಷರ, 16 ಜೋಡಿ ವರ್ಣತಂತು. ಪಾಲ್, ಲ್ಯಾಕೇಸ್, ಮಿಬ್, ನ್ಯಾಕ್ ಮನೆತನಗಳ ಅಡಿಕೆಯ ಶಾಖೆಗಳನ್ನು ಈಗ ಹೆಸರು ಹಿಡಿದು ಹುಡುಕಬಹುದು.

ನಾರು ಕಟ್ಟದಂತೆ ತಡೆಯುವುದೊಂದೇ ದಾರಿಯಲ್ಲ, ಕಟ್ಟಿದ್ದನ್ನು ಬಿಚ್ಚುವವರೂ ಇದ್ದಾರೆ. 1983ರಲ್ಲಿ ಅಮೆರಿಕದ ಮ್ಯಾಡಿಸನ್ನಿನಲ್ಲಿ ಮಿಂಗ್ ಟೀನ್ ಮತ್ತು ಕೆಂಟ್ ಕರ್ಕ್, ಮರ ಕೊಳೆಸುವ ಒಂದು ಬಿಳಿ ಶಿಲೀಂಧ್ರದಲ್ಲಿ ಲಿಗ್ನಿನ್ ಒಡೆಯುವ ಕಿಣ್ವ ಕಂಡರು. ತಿರುವನಂತಪುರದ ಸಂಶೋಧಕರು ಅದೇ ಕುಲದ ಶಿಲೀಂಧ್ರಗಳನ್ನು ಅಡಿಕೆ ಸಿಪ್ಪೆಯ ನಾರಿನ ಮೇಲೆ ಬೆಳೆಸಿ, ನಾರು ಮೆದುವಾಗುವುದನ್ನು 2005ರಲ್ಲಿ ವರದಿ ಮಾಡಿದರು. ರಸ್ತೆ ಬದಿಯ ದಿಬ್ಬದಲ್ಲೂ ಮಳೆಗಾಲದಲ್ಲಿ ಬಿಳಿ ಬೂಷ್ಟು ಹಬ್ಬುತ್ತದೆ. ಬೆಂಕಿ ಇಡುವ ಮೊದಲು ಆ ದಿಬ್ಬಕ್ಕೆ ಸಗಣಿ ಬಗ್ಗಡ, ನೆರಳು ಮತ್ತು ಒಂದಷ್ಟು ತಿಂಗಳು ಕೊಟ್ಟರೆ ಅದು ಗೊಬ್ಬರವಾಗಿ ತೋಟಕ್ಕೇ ಮರಳುತ್ತದೆ. ಹೊಗೆ ಕುಡಿಯುವುದಕ್ಕಿಂತ ಅದು ಮೇಲು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಎಲೆಯ ಚೂರಿನಿಂದ ಮರದ ಗುಣ ಹೇಳುವ ದಿನ ಅಡಿಕೆಗೆ ಬರುವವರೆಗೂ ತ್ಯಾವಣಿಗೆ ಸೀಮೆಯ ರೈತರು ಬೀಜದ ಗೋಟನ್ನು ತಾಯಿಮರದಿಂದಲೇ ಆರಿಸಬೇಕು. ಚೆನ್ನಾಗಿ ಹಣ್ಣಾದ, 35 ಗ್ರಾಮಿಗಿಂತ ಹೆಚ್ಚು ತೂಗುವ ಗೋಟುಗಳನ್ನು ನೀರು ತುಂಬಿದ ತೊಟ್ಟಿಗೆ ಹಾಕುತ್ತಾರೆ. ಕೆಲವು ಅಡ್ಡ ಬೀಳುತ್ತವೆ. ತೊಟ್ಟಿನ ತುದಿ ಮೇಲಾಗಿ ನೆಟ್ಟಗೆ ತೇಲಿದವನ್ನು ಆರಿಸಿ ಮಡಿಗೆ ಇಳಿಸುತ್ತಾರೆ. ಅವು ಮರವಾಗಿ ಮೊದಲ ಗೊನೆ ತೂಗಲು ಐದಾರು ವರ್ಷ.